ಎರಡು ಬೆರಳು ಜಾಗ

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹಿರಿಯರು ಹೇಳಿದ್ದಾರೆ. ಪೊಡಿಯಬ್ಬನ ವಾದ ಬೇರೆ. ಕಾಲು ಹೇಗೂ ಬೆಳೆಯುತ್ತದೆ, ಹಾಸಿಗೆಯನ್ನೇ ಎರಡು ಬೆರಳು ಉದ್ದ ಮಾಡಿಸಿಬಿಡು.

ಈ ಎರಡು ಬೆರಳಿನ ಲೆಕ್ಕ ಅವನಿಗೆ ತಂದೆಯಿಂದ ಬಂದ ಆಸ್ತಿ. ಉಳ್ಳಾಲದಲ್ಲಿ ಹುಡುಗನಾಗಿದ್ದಾಗ ಹಬ್ಬಕ್ಕೆ ಹೊಲಿಸಿದ ಅಂಗಿ ಮೊಣಕಾಲು ಮುಟ್ಟುತ್ತಿತ್ತು. ಅದು ಮೈಗೆ ಸರಿಯಾಗಿ ಕೂರುವ ಹೊತ್ತಿಗೆ ಕಂಕುಳು ಹರಿದಿರುತ್ತಿತ್ತು. ಹೀಗೆ ಒಂದೇ ಒಂದು ದಿನವೂ ಅಳತೆಗೆ ಸರಿಯಾದ ಬಟ್ಟೆ ತೊಡದೆ ಅವನು ದೊಡ್ಡವನಾದ. ಮದುವೆಯ ಕೋಟನ್ನೂ, ಮದುವೆಯಾದ ಮೇಲೆ ಗಂಡಸು ದಪ್ಪಗಾಗುತ್ತಾನೆ ಎಂಬ ಮುಂದಾಲೋಚನೆಯಿಂದಲೇ ಹೊಲಿಸಿದ್ದು. ಆದರೆ ಮದುವೆಯಾದ ಕೂಡಲೇ ಅವನು ಕತಾರಿಗೆ ಬಂದ, ಗಾಡಿಗಳ ಬಿಡಿಭಾಗಗಳ ಗೋಡೌನಿನಲ್ಲಿ ಬೆವರು ಸುರಿಸಿದ, ಇದ್ದ ದಪ್ಪವೂ ಇಳಿಯಿತು. ಈಗ ಅಲ್ ಅಜೀಜಿಯಾದ ಮನೆಯ ಕಪಾಟಿನಲ್ಲಿ ಆ ಕೋಟು ಅವನ ಮೈಮೇಲಿಗಿಂತ ಹ್ಯಾಂಗರಿನ ಮೇಲೆಯೇ ಹೆಚ್ಚು ಸುಖವಾಗಿತ್ತು.

ಆಸ್ತಿ ಮಗಳಿಗೂ ಇಳಿಯಿತು. ಜುಮಾನಾ ಮೂರನೇ ಕ್ಲಾಸು. ಅವಳ ಯೂನಿಫಾರ್ಮಿನ ಅಂಚನ್ನು ಒಳಗೆ ಮೂರು ಮಡಿಕೆ ಮಡಚಿ ಹೊಲಿದಿತ್ತು. ವರ್ಷಕ್ಕೊಂದು ಮಡಿಕೆ ಬಿಚ್ಚುವುದು. ಬಿಚ್ಚಿದ ಕಡೆ ಗೆರೆ ಉಳಿಯುತ್ತಿತ್ತು, ಯಾವ ಗೆರೆ ಯುಕೆಜಿಯದು, ಯಾವುದು ಒಂದನೇ ಕ್ಲಾಸಿನದು ಅಂತ ಬಸ್ಸಿನಲ್ಲಿ ಕೂತವರು ಓದಿ ಹೇಳಬಹುದಿತ್ತು. ಶೂ ಕೊಂಡರೆ ಜೊತೆಗೆ ಹತ್ತಿಯ ಕಟ್ಟು. ಮುಂದೆ ಹತ್ತಿ, ಹಿಂದೆ ಕಾಲು. ವರ್ಷ ಕಳೆದಂತೆ ಹತ್ತಿ ಕಮ್ಮಿ, ಕಾಲು ಜಾಸ್ತಿ.

ಮನೆಯ ಚಪ್ಪಲಿಗೆ ಮಾತ್ರ ಹತ್ತಿ ತುಂಬಲು ಆಗುವುದಿಲ್ಲ.

ಆ ರಂಜಾನಿನಲ್ಲಿ ಒಂದು ಸಂಜೆ ಉಪವಾಸ ಬಿಡುವ ಬಾಂಗಿಗೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ, "ನಾನು ತರ್ತೇನೆ, ನಾನು ತರ್ತೇನೆ" ಅಂತ ಜುಮಾನಾ ಅಡುಗೆಮನೆಯಿಂದ ಗಂಜಿಯ ಪಾತ್ರೆ ಹಿಡಿದು ಹೊರಟಳು. ಹೊಸ್ತಿಲ ಬಳಿ ಚಪ್ಪಲಿ ನಿಂತಿತು, ಕಾಲು ಮುಂದೆ ಹೋಯಿತು. ಬಿಸಿ ಗಂಜಿ ಅಷ್ಟೂ ಎಡಗಾಲಿನ ಪಾದದ ಮೇಲೆ.

ಆಮೇಲಿನದ್ದನ್ನು ಹೆತ್ತವರು ಯಾರೂ ಎರಡು ಸಲ ನೆನೆಯುವುದಿಲ್ಲ. ಆಸ್ಪತ್ರೆ, ಬ್ಯಾಂಡೇಜು, ಅಳು, ಎಲ್ಲ ಆಯಿತು. ಗಾಯ ವಾಸಿಯಾಯಿತು. ಮಗು ಮತ್ತೆ ನಗತೊಡಗಿತು. ತಾಯಿ ನುಸೈಬಾ ಮಾತ್ರ ಆ ಚಪ್ಪಲಿಯನ್ನು ಬಿಸಾಡಲಿಲ್ಲ. ಗಂಡನ ಕಣ್ಣಿಗೆ ದಿನಾ ಬೀಳಲಿ ಅಂತ ಬಾಗಿಲಿನ ಮೇಲಿನ ಮೊಳೆಗೆ ನೇತುಹಾಕಿದಳು.

"ಚಪ್ಪಲಿಯಾ ಅದು? ಎರಡು ದೋಣಿ. ಮಗು ನಡೆಯುವುದಾ, ಹುಟ್ಟು ಹಾಕುವುದಾ?"

ಪೊಡಿಯಬ್ಬ ತಲೆ ತಗ್ಗಿಸಿಕೊಂಡು ದೋಣಿಗಳ ಕೆಳಗಿನಿಂದ ಕೆಲಸಕ್ಕೆ ಹೋಗಿ ಬರುತ್ತಿದ್ದ.

*

ಗಾಯ ವಾಸಿಯಾದರೆ ಮುಗಿಯಿತು ಅಂದುಕೊಂಡಿದ್ದರು. ಹಾಗಲ್ಲ ಅಂತ ಹೇಳಿದ್ದು ಆಸ್ಪತ್ರೆಯ ಥೆರಪಿಸ್ಟ್ ಎಡ್ನಾ ಬಾಯಿ. ಮಂಗಳೂರಿನ ಬಿಜೈಯವರು. ಕುತ್ತಿಗೆಯಲ್ಲಿ ಅಳತೆಯ ಟೇಪು, ಮೂಗಿನ ತುದಿಯಲ್ಲಿ ಕನ್ನಡಕ. ಎಂಟು ಭಾಷೆಗಳಲ್ಲಿ ಗದರಬಲ್ಲವರು.

"ನೋಡಿ, ಗಾಯ ಒಣಗಿದೆ. ಆದರೆ ಈ ಕಲೆ ಉಂಟಲ್ಲ, ಇದು ಸುಮ್ಮನೆ ಕೂರುವ ಜಾತಿ ಅಲ್ಲ" ಅಂದರು ಎಡ್ನಾ ಬಾಯಿ, ಕೆಂಪಗೆ ಹೊಳೆಯುತ್ತಿದ್ದ ಪಾದವನ್ನು ತೋರಿಸಿ. "ಹಲಸಿನ ಹಣ್ಣಿನ ಅಂಟು ಕೈಗೆ ಹತ್ತಿದ ಹಾಗೆ. ಒಣಗಿದಷ್ಟೂ ಎಳೆಯುತ್ತದೆ. ಈ ಕಿರುಬೆರಳು ನೋಡಿ, ಈಗಲೇ ಸ್ವಲ್ಪ ಮೇಲೆ ನೋಡ್ತಾ ಉಂಟು. ಕಲೆಯನ್ನು ಒತ್ತಿ ಹಿಡಿದರೆ ಅದು ಮಲಗ್ತದೆ, ಬೆರಳೂ ಮಲಗ್ತದೆ. ಇಲ್ಲದಿದ್ದರೆ ಬೆರಳು ಎದ್ದು ನಿಂತುಬಿಡ್ತದೆ. ಮತ್ತೆ ಆಪರೇಶನ್ನೇ ಗತಿ."

ಆಪರೇಶನ್ ಎಂಬ ಮಾತಿಗೆ ಪೊಡಿಯಬ್ಬ ಕುರ್ಚಿಯ ತುದಿಗೆ ಸರಿದ. "ಒತ್ತಿ ಹಿಡಿಯುವುದು ಅಂದ್ರೆ? ನಾನು ಹಿಡಿತೇನೆ ಬಾಯಮ್ಮ. ಗೋಡೌನಿನಿಂದ ಬಂದ ಮೇಲೆ ಇಡೀ ರಾತ್ರಿ ಹಿಡಿತೇನೆ."

"ನೀವು ಹಿಡಿಯುವುದು ಬೇಡ ಮಾರಾಯ್ರೆ. ಅದಕ್ಕೆ ಪ್ರೆಶರ್ ಸಾಕ್ಸ್ ಉಂಟು." ಎಡ್ನಾ ಬಾಯಿ ಮೇಜಿನ ಡ್ರಾಯರಿನಿಂದ ಒಂದು ಮಾದರಿ ತೆಗೆದರು. ಮೈಬಣ್ಣದ ದಪ್ಪ ಎಲಾಸ್ಟಿಕ್ ಬಟ್ಟೆಯ ಕಾಲುಚೀಲ, ಒಂದೊಂದು ಬೆರಳಿಗೂ ಬೇರೆ ಬೇರೆ ಗೂಡು. "ಅಂಗಡಿಯಲ್ಲಿ ಸಿಗುವ ಸಾಮಾನಲ್ಲ. ಒಬ್ಬರ ಕಾಲಿಗೆ ಮಾಡಿದ್ದು ಇನ್ನೊಬ್ಬರಿಗೆ ಆಗುವುದಿಲ್ಲ. ನಾನು ಅಳತೆ ಕಳಿಸಿದ ಮೇಲೆ ಪರದೇಶದಲ್ಲಿ ಹೊಲಿದು ಕಳಿಸ್ತಾರೆ. ಸ್ನಾನದ ಹೊತ್ತು ಬಿಟ್ಟು ಹಗಲೂ ರಾತ್ರಿಯೂ ಕಾಲಲ್ಲಿ ಇರಬೇಕು. ಒಂದು ವರ್ಷ ಬೇಕಾದೀತು."

"ಬರ್ಲಿಕ್ಕೆ ತುಂಬ ದಿನ ಹೋಗ್ತದಾ?"

"ಕೆಲವು ವಾರ."

ಪೊಡಿಯಬ್ಬನ ತಲೆಯೊಳಗೆ ಅಪ್ಪನ ಕಾಲದ ಯಂತ್ರ ತಿರುಗತೊಡಗಿತು. ಬರಲು ವಾರಗಳು, ಹಾಕುವುದು ಒಂದು ವರ್ಷ. ಮಗುವಿನ ಕಾಲು ಅಷ್ಟು ದಿನ ಸುಮ್ಮನೆ ಕೂರುತ್ತದಾ? ಚಪ್ಪರಕ್ಕೆ ಬಸಳೆಬಳ್ಳಿ ಹಬ್ಬಿದ ಹಾಗೆ ಬೆಳೆಯುತ್ತದೆ. ಅಷ್ಟು ದೂರದಿಂದ ಬರುವ ಸಾಮಾನು ನಾಲ್ಕೇ ತಿಂಗಳಿಗೆ ಗಿಡ್ಡವಾದರೆ?

"ಬಾಯಮ್ಮ, ಒಂದು ಮಾತು. ಅಳತೆಯಲ್ಲಿ ಒಂಚೂರು ದೊಡ್ಡದು ಬರೆದ್ರೆ ಹೇಗೆ? ಬೆಳೆಯುವ ಮಗು..."

ಎಡ್ನಾ ಬಾಯಿ ಕನ್ನಡಕದ ಮೇಲಿನಿಂದ ನೋಡಿದರು. "ದೊಡ್ಡದು ಅಲ್ಲ, ಕಾಲಿಗಿಂತ ಚಿಕ್ಕದು ಮಾಡ್ತಾರೆ. ಬಿಗಿ ಇರಬೇಕು. ಬಿಗಿಯೇ ಅದರ ಮದ್ದು."

ಪೊಡಿಯಬ್ಬ ಮಾತನ್ನು ಕೇಳಿದ. ಕಿವಿಯೂ ಒಪ್ಪಿಕೊಂಡಿತು. ಆದರೆ ಕೈ ಒಪ್ಪಿಕೊಳ್ಳಬೇಕಲ್ಲ? ಲೋಕದಲ್ಲಿ ಮೈಗಿಂತ ಚಿಕ್ಕದಾಗಿ ಹೊಲಿಯುವ ಬಟ್ಟೆ ಎಂಬುದು ಇದೆ ಅಂತ ಆ ಕೈಗೆ ಯಾರೂ ಕಲಿಸಿರಲಿಲ್ಲ.

ಅಳತೆ ಶುರುವಾಯಿತು. ಟೇಪು ಪಾದಕ್ಕೆ ತಾಗಿದ್ದೇ ತಡ, ಜುಮಾನಾ ಮೀನಿನ ಹಾಗೆ ಒದ್ದಾಡಿದಳು. "ಆಂಟಿ, ಸ್ಟಾಪ್! ಕಚಗುಳಿ! ಟೂ ಮಚ್ ಕಚಗುಳಿ!"

"ನೀವು ಕಾಲು ಗಟ್ಟಿ ಹಿಡ್ಕೊಳ್ಳಿ" ಅಂದರು ಎಡ್ನಾ ಬಾಯಿ.

ಪೊಡಿಯಬ್ಬ ಹಿಡಿದ. ಅಂಗೈ ಮಗುವಿನ ಅಂಗಾಲಿನ ಕೆಳಗೆ. ಎಡ್ನಾ ಬಾಯಿ ಟೇಪು ಸುತ್ತಿ, ಮೇಲಿನಿಂದ ಅಂಕಿ ನೋಡಿ, ಕಾರ್ಡಿನಲ್ಲಿ ಬರೆದುಕೊಳ್ಳುತ್ತ ಪಾದದಿಂದ ಹಿಮ್ಮಡಿಗೆ, ಹಿಮ್ಮಡಿಯಿಂದ ಗಿಣ್ಣಿಗೆ ಸರಿಯುತ್ತಿದ್ದರು. ಟೇಪು ಸರಿದಂತೆ ಅದರ ಅಡಿಯಲ್ಲಿ, ಅಂಗಾಲಿನ ಕಡೆ, ಯಾರಿಗೂ ಕಾಣದ ಹಾಗೆ ಪೊಡಿಯಬ್ಬನ ಎರಡು ಬೆರಳೂ ಸರಿಯುತ್ತಿದ್ದವು. ತೋರುಬೆರಳು ಮತ್ತು ನಡುಬೆರಳು. ದರ್ಜಿ ಕಾಲರಿನ ಅಳತೆ ತೆಗೆಯುವಾಗ ಕುತ್ತಿಗೆಯ ಬಳಿ ಇಡುತ್ತಾನಲ್ಲ, ಥೇಟ್ ಹಾಗೆ.

"ಸ್ವಲ್ಪ ದಪ್ಪ ಕಾಲು ಇವಳದ್ದು" ಅಂದರು ಎಡ್ನಾ ಬಾಯಿ ಅಂಕಿ ನೋಡಿ.

"ನಮ್ಮ ಮನೆಯವರದ್ದೆಲ್ಲ ಹಾಗೇ ಬಾಯಮ್ಮ" ಅಂದ ಪೊಡಿಯಬ್ಬ. ಅವನ ಕಾಲು ಪ್ಯಾಂಟಿನೊಳಗೆ ನುಗ್ಗೆಕಾಯಿಯ ಹಾಗಿತ್ತು.

*

ಚೀಲ ಬಂದ ದಿನ ಎಡ್ನಾ ಬಾಯಿ ರಜೆಯಲ್ಲಿದ್ದರು. ನರ್ಸ್ ಜೂಲಿಯೆಟ್ ಕೌಂಟರಿನಿಂದಲೇ ಕವರು ಕೊಟ್ಟು, "ವೆರಿ ಟೈಟ್, ಬಾಬಾ. ಪುಟ್ ಸ್ಲೋಲಿ" ಅಂತ ಮನಿಲಾದ ಇಂಗ್ಲಿಷಿನಲ್ಲಿ ಎಚ್ಚರಿಸಿದಳು.

ಮನೆಯಲ್ಲಿ ಅದು ಸ್ಲೋಲಿ ಹೋಗಲಿಲ್ಲ. ಬೆಕ್ಕು ಗೋಣಿಯೊಳಗೆ ನುಗ್ಗಿದ ಹಾಗೆ ಕಾಲು ಸರಕ್ಕನೆ ಒಳಗೆ ಹೋಯಿತು. ಬೆರಳಿನ ಗೂಡುಗಳ ತುದಿ ಖಾಲಿ ಉಳಿದು ಅತ್ತಿತ್ತ ಬಾಗಿದವು. ಗಿಣ್ಣಿನ ಹತ್ತಿರ ಬಟ್ಟೆ ಆನೆಯ ಮೊಣಕಾಲಿನಂತೆ ಸುಕ್ಕುಗಟ್ಟಿತು.

"ಆಹಾ" ಅಂದ ಪೊಡಿಯಬ್ಬ. ಅವನ ಎದೆ ತಣ್ಣಗಾಯಿತು. "ನೋಡು, ಬೆಳೀಲಿಕ್ಕೆ ಜಾಗ ಉಂಟು."

ಜುಮಾನಾಳಿಗೂ ಖುಷಿ. ಪ್ರೆಶರ್ ಎಂಬ ಶಬ್ದ ಅವಳು ಕೇಳಿದ್ದು ಅಡುಗೆಮನೆಯಲ್ಲಿ ಮಾತ್ರ. ಹಾಗಾಗಿ ಚೀಲಕ್ಕೆ ಕುಕ್ಕರ್ ಅಂತ ಹೆಸರಿಟ್ಟಳು. "ಉಮ್ಮಾ, ಮೈ ಕುಕ್ಕರ್ ಈಸ್ ಸೋ ಕಂಫರ್ಟೇಬಲ್!" ಅಂತ ಮನೆ ತುಂಬ ಕುಣಿದಳು. ಅವಳು ಮುಂದೆ ತಿರುಗಿದರೆ ಚೀಲ ಹಿಂದೆ ತಿರುಗುತ್ತಿತ್ತು.

ನುಸೈಬಾ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಓ ಇವರೇ, ಇದು ಬಿಗಿ ಅಂತ ಹೇಳಿದ್ದಲ್ವಾ ಅವರು? ಇದರ ಒಳಗೆ ನನ್ನ ಕೈಯೂ ಹೋಗ್ತದೆ."

"ಫಾರಿನ್ನಿನ ಬಿಗಿ ಹಾಗೆಯೇ. ಕಣ್ಣಿಗೆ ಕಾಣುವುದಿಲ್ಲ" ಅಂದ ಪೊಡಿಯಬ್ಬ.

ನುಸೈಬಾ ಬಾಗಿಲಿನ ಮೇಲಿನ ದೋಣಿಗಳನ್ನು ಒಮ್ಮೆ ನೋಡಿದಳು. ಗಂಡನನ್ನು ಒಮ್ಮೆ ನೋಡಿದಳು. 

ಕೆಲವು ವಾರ ಕಳೆದು ಪರೀಕ್ಷೆಗೆ ಹೋದಾಗ ಎಡ್ನಾ ಬಾಯಿ ಚೀಲವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಿದರು. ಬಟ್ಟೆ ಗುಡಾರದಂತೆ ಎದ್ದು ನಿಂತಿತು. ಅವರ ಹುಬ್ಬೂ ಎದ್ದು ನಿಂತಿತು.

"ಇದೆಂತ ಕತೆ? ಯಾರು ಒಗೆಯುವುದು ಇದನ್ನು?"

"ನಾನು" ಅಂದಳು ನುಸೈಬಾ.

"ಬಿಸಿನೀರಲ್ಲಾ?"

"ಅಲ್ಲ ಬಾಯಮ್ಮ, ತಣ್ಣೀರಲ್ಲಿ."

"ಬಿಸಿಲಿಗೆ ಹಾಕಿದ್ದೀರಿ. ಈ ದೋಹಾದ ಬಿಸಿಲಿಗೆ ಕಬ್ಬಿಣವೇ ಲೂಸಾಗ್ತದೆ, ಎಲಾಸ್ಟಿಕ್ ಉಳೀತದಾ? ಹಿಂಡಿ ಹಿಂಡಿ ಎಳೆದಿದ್ದೀರಿ."

"ಅಲ್ಲಾಹನಾಣೆ ಇಲ್ಲ! ಟವೆಲಿನಲ್ಲಿ ಸುತ್ತಿ, ನೆರಳಲ್ಲಿ ಮಲಗಿಸಿ, ಮಗುವಿನ ಹಾಗೆ ನೋಡ್ಕೊಂಡಿದ್ದೇನೆ. ನೀವಾದ್ರೂ ಹೇಳಿ!" ಅಂತ ನುಸೈಬಾ ಗಂಡನ ಕಡೆ ತಿರುಗಿದಳು.

ಪೊಡಿಯಬ್ಬ ಗೋಡೆಯ ಮೇಲಿದ್ದ ಕೈತೊಳೆಯುವ ಚಿತ್ರವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದ.

"ಇರ್ಲಿ, ಕಾಲು ತೋರಿಸು ಮಗಾ." ಎಡ್ನಾ ಬಾಯಿ ಕಲೆಯ ಮೇಲೆ ಬೆರಳಾಡಿಸಿದರು. ಗದರುವ ದನಿ ಮೆತ್ತಗಾಯಿತು. ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ದಪ್ಪ ಆಗಿದೆ. ಕಿರುಬೆರಳು ಮೊದಲಿಗಿಂತ ಮೇಲೆ ಬಂದಿದೆ. ಮುಂದಿನ ಸಲ ಡಾಕ್ಟರ್ ಜೇಕಬ್ ನೋಡ್ತಾರೆ. ಹೀಗೇ ಇದ್ದರೆ ಅವರು ಆಪರೇಶನ್ ಅಂತಲೇ ಹೇಳುವುದು."

ಪೊಡಿಯಬ್ಬ ಚಿತ್ರದಿಂದ ಕಣ್ಣು ಕಿತ್ತು ಮಗಳ ಬೆರಳು ನೋಡಿದ. ಪುಟ್ಟ ಕಿರುಬೆರಳು, ಸಾಲಿನಲ್ಲಿ ನಿಂತ ಮಕ್ಕಳಲ್ಲಿ ಒಂದು ಮಾತ್ರ ಕತ್ತೆತ್ತಿ ಆಕಾಶ ನೋಡುವ ಹಾಗೆ, ಮೇಲೆ ನೋಡುತ್ತಿತ್ತು. 

"ಹೊಸದಕ್ಕೆ ಇನ್ನೊಮ್ಮೆ ಅಳತೆ ತೆಗೀತೇನೆ. ಹಿಡ್ಕೊಳ್ಳಿ ಕಾಲು."

ಈಗಲಾದರೂ ಬೆರಳು ಸರಿಸಬೇಕು ಅಂತ ಪೊಡಿಯಬ್ಬ ಅಂದುಕೊಂಡ. ಮರುಕ್ಷಣವೇ ಇನ್ನೊಂದು ಲೆಕ್ಕ ಹೊಳೆಯಿತು. ಬೆರಳು ತೆಗೆದರೆ ಅಂಕಿ ಕಡಿಮೆ ಬರುತ್ತದೆ, ಹಳೆಯ ಕಾರ್ಡು ಅಲ್ಲೇ ಇದೆ. ಇಷ್ಟು ದಿನ ಮಗುವಿನ ಕಾಲು ಬೆಳೆಯುವ ಬದಲು ಸವೆಯಿತಾ ಅಂತ ಈ ಹೆಂಗಸು ಕೇಳುತ್ತಾಳೆ. ಪಕ್ಕದಲ್ಲಿ ನುಸೈಬಾ ಬೇರೆ ಕೂತಿದ್ದಾಳೆ. ಅವನು ಇನ್ನೂ ಯೋಚಿಸುತ್ತಿದ್ದ. ಬೆರಳುಗಳು ಯೋಚಿಸಲಿಲ್ಲ. ದಾರಿ ಗೊತ್ತಿರುವ ಎತ್ತುಗಳಂತೆ ತಾವಾಗಿಯೇ ಟೇಪಿನಡಿ ಹೋಗಿ ನಿಂತವು.

ಎಡ್ನಾ ಬಾಯಿ ಹಳೆಯ ಕಾರ್ಡನ್ನೂ ಹೊಸ ಅಂಕಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಚೀಲವನ್ನೂ ಅಳೆದರು. ಪೆನ್ನಿನಿಂದ ತಲೆ ಕೆರೆದುಕೊಂಡರು.

"ಅಳತೆ ಸರಿ ಉಂಟು. ಚೀಲ ಸರಿ ಉಂಟು. ಕಾಲೂ ಸರಿ ಉಂಟು. ಮೂರೂ ಸೇರಿದರೆ ಮಾತ್ರ ತಪ್ಪು! ಜೀಸಸ್, ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ಹೀಗೆ ಆಗಿದ್ದಿಲ್ಲ." ಅವರು ಜೂಲಿಯೆಟ್‌ಳನ್ನು ಕರೆದು ತೋರಿಸಿದರು. ಜೂಲಿಯೆಟ್ ಶಿಲುಬೆಯ ಗುರುತು ಮಾಡಿಕೊಂಡಳು.

"ಬಟ್ಟೆಯದ್ದೇ ದೋಷ ಇರಬೇಕು" ಅಂದರು ಕೊನೆಗೆ ಎಡ್ನಾ ಬಾಯಿ. "ನಾಳಿದ್ದು ಇದೇ ಅಳತೆಗೆ ಇನ್ನೊಂದು ಕಳಿಸಲಿಕ್ಕೆ ಬರೀತೇನೆ."

ಇದೇ ಅಳತೆಗೆ! ಅಂದರೆ ಇನ್ನೊಂದು ಗುಡಾರ. ಬರುವ ಹೊತ್ತಿಗೆ ಬೆರಳು ಇನ್ನೂ ಮೇಲೆ.

ದಾರಿಯುದ್ದಕ್ಕೂ ನುಸೈಬಾ ಪಿಕಪ್ಪಿನ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. "ನನಗೆ ಬಟ್ಟೆ ಒಗೀಲಿಕ್ಕೆ ಬರುವುದಿಲ್ಲವಂತೆ. ನನಗೆ! ನಮ್ಮ ಕುಟುಂಬದಲ್ಲಿ ಬಿಳಿ ಬಟ್ಟೆ ಅಂದ್ರೆ ನನ್ನ ಕೈಗೆ ಕೊಡುವುದು. ನೀವು ಕಲ್ಲಿನ ಹಾಗೆ ಕೂತಿರಿ."

ಕಲ್ಲು ಗೇರು ಬದಲಿಸಿತು.

*

ಮರುದಿನ ಕೆಲಸ ಮುಗಿಸಿ ಬಂದವನೇ, ಮಗಳಿಗೆ ಜ್ಯೂಸ್ ಕೊಡಿಸುತ್ತೇನೆ ಅಂತ ಹೇಳಿ ಪೊಡಿಯಬ್ಬ ನಜ್ಮಾ ಪೇಟೆಗೆ ಗಾಡಿ ಬಿಟ್ಟ. ಅಲ್ಲಿ ಕೆಫೆಟೇರಿಯಾ ಒಂದರ ಪಕ್ಕದ ಸಂದಿಯಲ್ಲಿ ಬೋಜನ ಟೈಲರ್ ಅಂಗಡಿ. ಬೋಜ ಮೂಲ್ಕಿಯ ಕಡೆಯವನು, ಪೊಡಿಯಬ್ಬನ ಹಳೆಯ ರೂಮ್‌ಮೇಟು. ಜುಮಾನಾಳ ಮೂರು ಮಡಿಕೆಯ ಯೂನಿಫಾರ್ಮು ಅವನ ಕೈಯದ್ದೇ.

ಬೋಜ ಚೀಲವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ಎಂತದು ಇದು, ಬ್ಯಾರಿ? ಶುಂಠಿ ಗೆಡ್ಡೆಗೆ ಅಂಗಿಯಾ?"

"ತಮಾಷೆ ಬೇಡ ಬೋಜಣ್ಣ. ಮಗುವಿನ ಕಾಲಿನದ್ದು. ಲೂಸ್ ಆಗಿದೆ. ಸೈಡಿನಲ್ಲಿ ಹಿಡಿದು ಬಿಗಿ ಮಾಡಿಕೊಡು. ಯಲ್ಲಾ, ಬೇಗ."

"ಲೂಸ್ ಆಗಿದೆಯಾ? ನೀನು ಬಿಗಿ ಮಾಡಿಸುವುದಾ?" ಬೋಜ ಮಿಶಿನಿನ ಮೇಲಿನಿಂದ ಎದ್ದೇ ನಿಂತ. "ಎರಡು ಬೆರಳು ಇಡು, ಎರಡು ಬೆರಳು ಇಡು ಅಂತ ಹನ್ನೆರಡು ವರ್ಷದಿಂದ ನನ್ನ ಪ್ರಾಣ ತೆಗೆದವನು ಇವತ್ತು ಬಿಗಿ ಅನ್ನುವುದಾ? ಮೈಗೆ ಹುಷಾರುಂಟಾ ನಿನಗೆ?"

"ಹುಷಾರುಂಟು. ಅಳತೆ ತೆಗಿ."

ಬೋಜ ಜುಮಾನಾಳನ್ನು ಸ್ಟೂಲಿನ ಮೇಲೆ ಕೂರಿಸಿ, ಪಾದಕ್ಕೆ ಟೇಪು ಸುತ್ತಿದ. ಸುತ್ತಿ, ಹಳೆಯ ಅಭ್ಯಾಸದಂತೆ ಟೇಪಿನ ಅಡಿಗೆ ಎರಡು ಬೆರಳು ತೂರಿಸಿದ.

"ಬೆರಳು ತೆಗಿ!"

ಪೊಡಿಯಬ್ಬನ ಕೂಗಿಗೆ ಪಕ್ಕದ ಕೆಫೆಟೇರಿಯಾದಲ್ಲಿ ಯಾರದೋ ಕೈಯಿಂದ ಚಹಾ ಚೆಲ್ಲಿತು. ಬೋಜ ಹೆದರಿ ಕೈ ಹಿಂದೆ ತೆಗೆದ.

"ಎಂತ ಬೊಬ್ಬೆ ಮಾರಾಯ! ಬೆರಳು ಇಡದೆ ಅಳತೆ ತೆಗೆದರೆ ಗಿರಾಕಿ ಉಸಿರಾಡುವುದು ಬೇಡ್ವಾ?"

"ಅವಳು ಕಾಲಿನಲ್ಲಿ ಉಸಿರಾಡುವುದಿಲ್ಲ ಬೋಜಣ್ಣ! ಬೆರಳು ಇಟ್ಟದ್ದಕ್ಕೇ ಇಷ್ಟೆಲ್ಲ ಆದದ್ದು..."

ಮಾತು ಬಾಯಿಂದ ಬಿದ್ದ ಮೇಲೆ ಪೊಡಿಯಬ್ಬ ತುಟಿ ಕಚ್ಚಿಕೊಂಡ. ಆದರೆ ಸ್ಟೂಲಿನ ಮೇಲೆ ಕೂತವಳಿಗೆ ಎಲ್ಲವೂ ಸ್ಪಷ್ಟವಾಗಿತ್ತು.

"ಯಸ್, ಉಪ್ಪಾ!" ಅಂದಳು ಜುಮಾನಾ ಸ್ಟ್ರಾ ಬಾಯಿಂದ ತೆಗೆದು. "ನೀವು ಹಾಸ್ಪಿಟಲಲ್ಲಿ ಸೇಮ್ ಹೀಗೇ ಇಟ್ಟಿದ್ರಲ್ಲ? ಎರಡು ಸಲ. ನನಗೆ ಗೊತ್ತಾಗ್ತಿತ್ತು. ನಾನು ಅದು ರೂಲ್ ಅಂತ ಎಣಿಸಿದೆ."

 ಬೋಜ ಗೆಳೆಯನನ್ನು ನೋಡಿದ. ಚೀಲವನ್ನು ನೋಡಿದ. ಆ ಪುಟ್ಟ ಪಾದವನ್ನೂ, ಕತ್ತೆತ್ತಿದ ಕಿರುಬೆರಳನ್ನೂ ನೋಡಿದ. ನಗಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದ.

"ಅಯ್ಯೋ ಬೇವರ್ಸಿ! ಡಾಕ್ಟರ ಟೇಪಿಗೂ ಬೆರಳು ಕೊಟ್ಟೆಯಾ? ಇದನ್ನು ನಾನು ಮುಟ್ಟುವುದಿಲ್ಲ. ಒಳಗೆ ಹೊಲಿಗೆಯ ಏಣು ಬಂದರೆ ಮಗುವಿನ ಚರ್ಮ ಉಜ್ಜಿಹೋಗ್ತದೆ. ನಡೆ, ಹೋಗಿ ಆ ಬಾಯಮ್ಮನ ಕಾಲು ಹಿಡಿ. ಹಿಡಿಯುವಾಗ ಬೆರಳು ಎಲ್ಲಿಟ್ಟಿದ್ದಿ ಅಂತ ನೋಡ್ಕೋ."

ವಾಪಸು ಬರುವಾಗ ಪೊಡಿಯಬ್ಬ ಇನ್ನೊಂದು ಜ್ಯೂಸ್ ಕೊಡಿಸಿದ. ಶವರ್ಮಾವನ್ನೂ ಕೊಡಿಸಿದ. "ಮಗಳೇ, ಉಮ್ಮನ ಹತ್ತಿರ ಇವತ್ತೇ ಹೇಳುವುದು ಬೇಡ, ಆಯ್ತಾ? ನಾನೇ ಹೇಳ್ತೇನೆ."

"ಓಕೆ ಉಪ್ಪಾ" ಅಂದಳು ಜುಮಾನಾ, ಬಾಯಿ ತುಂಬ ಶವರ್ಮಾ ಇಟ್ಟುಕೊಂಡು.

ಬಾಗಿಲು ತೆರೆದ ಕೂಡಲೇ ಓಡಿದಳು. "ಉಮ್ಮಾ! ಉಮ್ಮಾ! ಉಪ್ಪ ಫಿಂಗರ್ಸ್ ಇಟ್ಟದ್ದು ಸೀಕ್ರೆಟ್ ಅಂತೆ!"

ನುಸೈಬಾ ಮೊದಲು ಪೂರ್ತಿ ಕೇಳಿದಳು. ಆಮೇಲೆ ಸ್ಟೂಲು ಹಾಕಿ ಹತ್ತಿ, ಬಾಗಿಲಿನ ಮೇಲಿನ ಚಪ್ಪಲಿಯಲ್ಲಿ ಒಂದನ್ನು ಇಳಿಸಿ ಕೈಗೆ ತೆಗೆದುಕೊಂಡಳು. ಪೊಡಿಯಬ್ಬ ಸೋಫಾದ ಹಿಂದೆ ಹೋದ. ಅವಳು ಹೊಡೆಯಲಿಲ್ಲ. ಅದನ್ನು ಅವನ ಮುಂದೆ ಟೀಪಾಯಿಯ ಮೇಲಿಟ್ಟು ಕೂತಳು. ಕಣ್ಣು ತುಂಬಿತ್ತು.

"ಬೈಗುಳ ತಿಂದದ್ದಕ್ಕೆ ಅಲ್ಲ ನನಗೆ ಬೇಜಾರು. ಒಂದು ಸಲ ದೊಡ್ಡದು ತಂದು ಬಿದ್ದಳು. ಎರಡನೇ ಸಲವೂ ನಿಮಗೆ ಮನಸ್ಸು ಬಂತಾ?"

"ಬೆಳೀತಾಳಲ್ಲ ಅಂತ..." ಪೊಡಿಯಬ್ಬ ಸೋಫಾದ ಹಿಂದಿನಿಂದ ಹೊರಗೆ ಬಂದ. "ಬೆಳೆದ ಮೇಲೆ ಹಾಕ್ಲಿಕ್ಕೆ ಇಲ್ಲದೆ ಹೋದ್ರೆ ಅಂತ."

"ಈಗಿನ ಕಾಲು ಸರಿಯಾದ್ರೆ ಅಲ್ವಾ ಮುಂದಿನದ್ದು ಬೆಳೆಯುವುದು?"



*

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ಮರುದಿನ ಹೆಂಡತಿ ಮಗಳನ್ನು ಕರೆದುಕೊಂಡು ಹೋಗಿ, ಎಡ್ನಾ ಬಾಯಿಯ ಎದುರು ಪೊಡಿಯಬ್ಬ ಯಾರೂ ಏನೂ ಕೇಳುವ ಮೊದಲೇ ಎರಡು ಬೆರಳು ಎತ್ತಿ ತೋರಿಸಿದ.

"ಎಂತ? ಟಾಯ್ಲೆಟಾ? ಬಲಕ್ಕೆ ಹೋಗಿ" ಅಂದರು ಅವರು ಬರೆಯುತ್ತಲೇ.

"ಅಲ್ಲ ಬಾಯಮ್ಮ. ಇವು... ಇವು ಟೇಪಿನ ಅಡಿಯಲ್ಲಿದ್ದವು."

ಎಡ್ನಾ ಬಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವರು ಎದ್ದು, ಬಾಗಿಲು ಹಾಕಿ, ತಮಗೆ ಬರುವ ಅಷ್ಟೂ ಭಾಷೆಗಳಲ್ಲಿ ಗದರಿದರು. ಕೊಂಕಣಿಯಲ್ಲಿ ಶುರುವಾದದ್ದು ತುಳು, ಹಿಂದಿ, ಮಲಯಾಳ ದಾಟಿ ಅರಬಿಗೆ ಬಂದು ನಿಂತಿತು. ಜೂಲಿಯೆಟ್ ನಗು ತಡೆಯಲಾರದೆ ಪರದೆಯ ಹಿಂದೆ ಹೋದಳು. ಪರದೆ ನಡುಗತೊಡಗಿತು.

"ಬೆಳೆದರೆ ಹೊಸದು ಮಾಡ್ತೇವೆ ಮಾರಾಯ್ರೆ!" ಅಂದರು ಕೊನೆಗೆ ಎಡ್ನಾ ಬಾಯಿ ಉಸಿರು ಬಿಡುತ್ತ. "ಮಕ್ಕಳ ಕಾಲು ಬೆಳೀತದೆ ಅಂತ ನಮಗೆ ಗೊತ್ತಿಲ್ವಾ? ಕೆಲವು ತಿಂಗಳಿಗೊಮ್ಮೆ ಅಳತೆ ತೆಗೆದು ಹೊಸ ಚೀಲ ತರಿಸುವುದೇ ಕ್ರಮ. ಹಳೆಯದು ಹರಿಯುವ ತನಕ ಕಾಯುವುದಿಲ್ಲ."

ಪೊಡಿಯಬ್ಬ ಬಾಯಿ ತೆರೆದು ನಿಂತ. ಹರಿಯುವ ಮೊದಲೇ ಹೊಸದು ಕೊಡುವ ಲೋಕ ಒಂದಿದೆ ಎಂಬುದು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. "ಹಾಗೆ ಮೊದಲೇ ಹೇಳಬಹುದಿತ್ತಲ್ಲ ಬಾಯಮ್ಮ..." ಅಂದುಬಿಟ್ಟ. ಮತ್ತೊಂದು ಸುತ್ತು ಕೊಂಕಣಿ ಶುರುವಾಯಿತು.

ಮೂರನೇ ಸಲದ ಅಳತೆಗೆ ಎಡ್ನಾ ಬಾಯಿ ಕಾನೂನು ಮಾಡಿದರು. ಮಗುವಿನ ಕಾಲು ಹಿಡಿಯುವುದು ತಾಯಿ. ತಂದೆ ಮೂಲೆಯ ಕುರ್ಚಿಯಲ್ಲಿ, ಎರಡೂ ಕೈ ತಲೆಯ ಮೇಲೆ.

"ಉಪ್ಪಾ, ಹ್ಯಾಂಡ್ಸ್ ಅಪ್!" ಅಂತ ಜುಮಾನಾ ಟೇಪು ತಾಗಿದಾಗಲೆಲ್ಲ ಕೂಗಿದಳು. ಅಪ್ಪನ ಮೇಲೆ ಕಾವಲು ಕಾಯುವ ಭರದಲ್ಲಿ ಕಚಗುಳಿಯೇ ಮರೆತುಹೋಯಿತು.

ಅಷ್ಟರಲ್ಲಿ ಡಾಕ್ಟರ್ ಜೇಕಬ್ ಬಾಗಿಲು ತಳ್ಳಿ ಇಣುಕಿದರು. ಮೂಲೆಯಲ್ಲಿ ತಲೆಯ ಮೇಲೆ ಕೈಯಿಟ್ಟು ಕೂತ ಗಂಡಸನ್ನು ಕಂಡು ಗಾಬರಿಯಾದರು. "ಎಂದಾ, ಎಂತಾಯ್ತು ಎಡ್ನಾ? ಪೊಲೀಸನ್ನು ಕರೆಯಬೇಕಾ?"

"ಬೇಡ ಡಾಕ್ಟರ್. ಕಳ್ಳನೇ ಬಂದು ಒಪ್ಪಿಕೊಂಡ" ಅಂದರು ಎಡ್ನಾ ಬಾಯಿ. ವಿಷಯ ಕೇಳಿ ಡಾಕ್ಟರು ನಗಲಿಲ್ಲ. ಪಾದ ನೋಡಿ, "ಹೊಸ ಚೀಲ ಬರಲಿ, ಬರುವ ತನಕ ಬ್ಯಾಂಡೇಜು ಬಿಗಿಯಾಗಿ ಸುತ್ತಿ. ಮೂರು ತಿಂಗಳು ಸರಿಯಾಗಿ ಹಾಕಿದ ಮೇಲೆ ನೋಡುವಾ. ಆಗಲೂ ಬೆರಳು ಇಳಿಯದಿದ್ದರೆ ಆಪರೇಶನ್" ಅಂತ ಹೇಳಿ ಹೋದರು.

*

ಹೊಸ ಕುಕ್ಕರ್ ಬಂತು. ಅಂಗೈಯಲ್ಲಿ ಹಿಡಿದರೆ ಗೊಂಬೆಯದ್ದೇನೋ ಅನ್ನುವಷ್ಟು ಚಿಕ್ಕದು. ಅದನ್ನು ಹಾಕುವುದು ಮನೆಯಲ್ಲಿ ದಿನದಿನದ ಯುದ್ಧವಾಯಿತು. ಜೂಲಿಯೆಟ್ ಹೇಳಿಕೊಟ್ಟಂತೆ ಮೊದಲು ಕಾಲಿಗೆ ಸೂಪರ್ ಮಾರ್ಕೆಟಿನ ತೆಳು ಪ್ಲಾಸ್ಟಿಕ್ ಕವರು. ಅದರ ಮೇಲೆ ಚೀಲ ಜಾರಿಸಿ, ಬೆರಳಿನ ಗೂಡುಗಳ ಸಂದಿಯಿಂದ ಕವರನ್ನು ಹಿಂದಕ್ಕೆ ಎಳೆಯಬೇಕು. ನುಸೈಬಾ ಕಾಲು ಹಿಡಿಯುವುದು, ಪೊಡಿಯಬ್ಬ ಚೀಲ ಎಳೆಯುವುದು, ಜುಮಾನಾ ಸೋಫಾದ ಕೈ ಕಚ್ಚಿ ಹಿಡಿದು ಕಿರುಚುವುದು.

"ಟೈಟ್! ಉಪ್ಪಾ, ಟೂ ಟೈಟ್!"

ಪೊಡಿಯಬ್ಬನಿಗೆ ಆ ಕೂಗು ಕೇಳಿದರೆ ಸಾಕು, ಒಂಚೂರು, ಒಂದೇ ಒಂಚೂರು ಸಡಿಲ ಬಿಡಲಾ ಅಂತ ಬೆರಳುಗಳು ತುಡಿಯುತ್ತಿದ್ದವು. ಬಾಗಿಲಿನ ಮೇಲೆ ಮತ್ತೆ ಏರಿದ್ದ ದೋಣಿಗಳು ಕಾಣುತ್ತಿದ್ದವು. ಅವನು ಹಲ್ಲು ಕಚ್ಚಿ ಎಳೆಯುತ್ತಿದ್ದ. ಚೀಲ ಕೂತ ಮೇಲೆ ಅವಳಿಗಿಂತ ಹೆಚ್ಚು ಬೆವರು ಅವನ ಮುಖದಲ್ಲೇ. "ಕುಕ್ಕರ್ ಮುಚ್ಚಿ ಆಯ್ತು, ಇನ್ನು ಸೀಟಿ ಹೊಡಿ" ಅನ್ನುತ್ತಿದ್ದ. ಜುಮಾನಾ ಕಣ್ಣೀರಿನ ನಡುವೆಯೇ "ಕೂ..." ಅನ್ನುತ್ತಿದ್ದಳು. ಆಮೇಲೆ ನಗು.

ಹಳೆಯ ದೊಡ್ಡ ಚೀಲದಲ್ಲಿ ನುಸೈಬಾ ಬೆಳ್ಳುಳ್ಳಿ ತುಂಬಿ ಅಡುಗೆಮನೆಯಲ್ಲಿ ನೇತುಹಾಕಿದಳು. ಗೂಡಿಗೊಂದು ಬೆಳ್ಳುಳ್ಳಿ ಎಸಳು, ಅಳತೆ ಮಾಡಿ ಹೊಲಿದ ಹಾಗೆ ಕೂತಿತ್ತು.

ಮೂರು ತಿಂಗಳಾದ ಮೇಲೆ ಡಾಕ್ಟರ್ ಜೇಕಬ್ ಚೀಲ ತೆಗೆಸಿ, ಪಾದವನ್ನು ಬೆಳಕಿಗೆ ಹಿಡಿದರು. ಪೊಡಿಯಬ್ಬ ಯಾರೂ ಹೇಳದೆಯೇ ಕೈಗಳನ್ನು ತಲೆಯ ಮೇಲಿಟ್ಟುಕೊಂಡು ನಿಂತಿದ್ದ. ಡಾಕ್ಟರು ಕಲೆಯನ್ನು ಒತ್ತಿದರು. ಕೆಂಪು ಮಾಸಿತ್ತು. ದಪ್ಪ ಇಳಿದಿತ್ತು. ಕಿರುಬೆರಳನ್ನು ಹಿಡಿದು ಮೇಲೆ ಕೆಳಗೆ ಮಾಡಿ ಬಿಟ್ಟರು. ಅದು ಹೋಗಿ ತನ್ನ ಅಕ್ಕಂದಿರ ಪಕ್ಕ ಸಾಲಿನಲ್ಲಿ ಮಲಗಿತು.

"ಖಲಾಸ್. ಆಪರೇಶನ್ ಬೇಡ. ಚೀಲ ಮುಂದುವರಿಸಿ. ಇನ್ನು ಶೂ ಹಾಕಬಹುದು, ಒಳ್ಳೆಯ, ಸರಿಯಾದ ಶೂ."

ನುಸೈಬಾ ಸೆರಗಿನಿಂದ ಮುಖ ಒರೆಸಿಕೊಂಡಳು. ಎಡ್ನಾ ಬಾಯಿ ಹೊಸ ಅಳತೆಗೆ ಟೇಪು ತೆಗೆದರು. ಮಗುವಿನ ಕಾಲು ನಿಜವಾಗಿಯೂ ಬೆಳೆದಿತ್ತು. "ನೋಡಿ, ನೀವು ಬೆರಳು ಇಡದೆಯೇ ಬೆಳೆದಿದೆ" ಅಂದರು ಪೊಡಿಯಬ್ಬನಿಗೆ.

ಅದೇ ಸಂಜೆ ನಜ್ಮಾದ ಜಲೀಲನ ಚಪ್ಪಲಿ ಅಂಗಡಿಗೆ ಮೂವರೂ ಹೋದರು. ಅಲ್ಲಿಯ ತನಕ ಜುಮಾನಾ ಒಂದು ಕಾಲಿಗೆ ಶೂ, ಒಂದು ಕಾಲಿಗೆ ಸ್ಯಾಂಡಲ್ ಹಾಕಿಕೊಂಡು ಶಾಲೆಗೆ ಹೋಗಿ ಬರುತ್ತಿದ್ದಳು. ಜಲೀಲ ಕರಿಯ ಶೂ ತೊಡಿಸಿ, ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಎಲ್ಲ ಅಂಗಡಿಯವರೂ ಹೇಳುವುದನ್ನೇ ಹೇಳಿದ.

"ಇದು ಈಗ ಕರೆಕ್ಟ್ ಉಂಟು ಪೊಡಿಯಬ್ಬಾಕ. ಆದರೆ ಬೆಳೆಯುವ ಮಗು. ಒಂದು ನಂಬರ್ ದೊಡ್ಡದು ಕೊಡ್ಲಾ? ಮುಂದೆ ಸ್ವಲ್ಪ ಹತ್ತಿ ಇಟ್ಟರೆ..."

ಪೊಡಿಯಬ್ಬನ ಎರಡು ಬೆರಳು ತುರಿಸಿದವು. ಅವನು ನಿಧಾನವಾಗಿ ಎರಡೂ ಕೈ ಎತ್ತಿ ತಲೆಯ ಮೇಲಿಟ್ಟುಕೊಂಡ.

"ತಲೆನೋವಾ ಅಬ್ಬಾಕ? ಪನಡಾಲ್ ತರಿಸ್ಲಾ?" ಅಂದ ಜಲೀಲ.

"ಬೇಡ. ಆ ಕರೆಕ್ಟ್ ಇರುವುದನ್ನೇ ಕಟ್ಟಿಕೊಡು ಮಾರಾಯ. ಬೇಗ ಕೊಡು."

ಕಟ್ಟಿಕೊಡುವುದಕ್ಕೆ ಜುಮಾನಾ ಬಿಡಲಿಲ್ಲ. ಹಾಕಿಕೊಂಡೇ ಅಂಗಡಿಯಿಂದ ಇಳಿದು, ಪಿಕಪ್ಪಿನ ತನಕ ಓಡಿದಳು. ಹಿಂದಿನ ಶೂಗಳಂತೆ ಇವು ಟಪ್ ಟಪ್ ಅಂತ ಹಿಮ್ಮಡಿಗೆ ಹೊಡೆಯಲಿಲ್ಲ. ಕಾಲು ಹೋದಲ್ಲಿಗೆ ಹೋದವು, ನಿಂತಲ್ಲಿ ನಿಂತವು. ಪೊಡಿಯಬ್ಬ ಅದನ್ನು ನೋಡುತ್ತ ನಿಂತೇಬಿಟ್ಟ.

ಗಾಡಿ ಹೊರಟಿತು. ನುಸೈಬಾ ಮೊದಲಿನಿಂದ ಶುರುಮಾಡಿದಳು. ದೋಣಿ ಚಪ್ಪಲಿ, ಫಾರಿನ್ನಿನ ಬಿಗಿ, ತನಗೆ ಒಗೆಯಲು ಬರುವುದಿಲ್ಲ ಅಂತ ಹೇಳಿಸಿಕೊಂಡ ದಿನ, ಆಗ ಕಲ್ಲಿನಂತೆ ಕೂತವರು ಯಾರು, ಈ ವಾರ ಊರಿಗೆ ಫೋನು ಮಾಡಿದಾಗ ಯಾರಿಗೆಲ್ಲ ಹೇಳಬೇಕು. ಅಲ್ ಅಜೀಜಿಯಾ ಇನ್ನೂ ದೂರವಿತ್ತು, ಪ್ರತಿ ಸಿಗ್ನಲೂ ಕೆಂಪಾಗಿತ್ತು. ಪೊಡಿಯಬ್ಬ ಜೇಬಿಗೆ ಕೈ ಹಾಕಿದ. ಇರಲಿ ಅಂತ ಮನೆಯಿಂದ ಹೊರಡುವಾಗ ಇಟ್ಟುಕೊಂಡಿದ್ದ ಶೂವಿನ ಹತ್ತಿಯ ಉಂಡೆ ಅಲ್ಲೇ ಇತ್ತು. ಅದನ್ನು ಎರಡು ತುಂಡು ಮಾಡಿ, ಎಡಕ್ಕೊಂದು ಬಲಕ್ಕೊಂದು ಕಿವಿಗೆ ಇಟ್ಟುಕೊಂಡ.

ಎರಡೂ ಅಳತೆಗೆ ಸರಿಯಾಗಿ ಕೂತವು.